ಸಂಕ ದಾಟುವ ಹೊತ್ತು: ಒಂದು ಕಾನೂನು ಸಂಸ್ಥೆ, ಒಂದು ಶಿಫ್ಟ್, ಒಬ್ಬ ಉದ್ಯೋಗಿ

ಇದು ನಾನು ಟೀಮ್ ಲೀಡ್ ಆಗಿದ್ದಾಗ ನಡೆದದ್ದು. ಸಂಸ್ಥೆಯ ಹೆಸರು ಹೇಳುವುದಿಲ್ಲ. ಉದ್ಯೋಗಿಯ ಹೆಸರೂ ಬೇರೆ, ಇಲ್ಲಿ ವಾಣಿ ಅಂತ ಇಟ್ಟುಕೊಳ್ಳೋಣ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಮೊದಲು ಅವಳಿಗೇ ಕಳಿಸಿದೆ, ಅವಳು ಎರಡು ಕಡೆ ತಿದ್ದಿದಳು, ಆಮೇಲೆ ಒಪ್ಪಿದಳು. ಎಚ್‌ಆರ್‌ನಲ್ಲಿ ಇರುವವರು, ನನ್ನ ಹಾಗೆ 10-15 ಜನರ ಟೀಮ್ ನೋಡಿಕೊಳ್ಳುವವರು, ಮತ್ತೆ ನಮ್ಮ ಕಾಸರಗೋಡಿನ ಕಡೆಯಿಂದ ದಿನಾ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಕೆಲಸಕ್ಕೆ ಹೋಗುವವರು ಓದಲಿ ಅಂತ ಆಸೆ.

ಹಿನ್ನೆಲೆ

ಲಂಡನ್‌ನಲ್ಲಿ ಮುಖ್ಯ ಕಚೇರಿ ಇರುವ ದೊಡ್ಡ ಲಾ ಫರ್ಮ್ ಅದು. ಹಲವು ದೇಶಗಳಲ್ಲಿ ಅದರ ವಕೀಲರಿದ್ದಾರೆ. ಭಾರತದಲ್ಲಿ ಮಾತ್ರ ಇಲ್ಲ. ವಿದೇಶಿ ಲಾ ಫರ್ಮ್‌ಗಳು ಇಲ್ಲಿ ವಕೀಲಿಕೆ ಮಾಡುವಂತಿಲ್ಲ ಅಂತ 2018ರಲ್ಲಿ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ಬಾರ್ ಕೌನ್ಸಿಲ್ ಹೊಸ ನಿಯಮ ತಂದು ವಿದೇಶಿ ಕಾನೂನಿನ ಮಟ್ಟಿಗೆ ಸ್ವಲ್ಪ ಸಡಿಲ ಮಾಡಿತು, ಆದರೆ ಈ ಕಥೆ ಅದಕ್ಕಿಂತ ಮುಂಚಿನದು. ಹಾಗಾಗಿ ನಮ್ಮದು ಸಪೋರ್ಟ್ ಸೆಂಟರ್, ಮಂಗಳೂರಿನಲ್ಲಿ. ಲಂಡನ್‌ನ ದೊಡ್ಡ ದಾವೆಗಳ ಸಾವಿರಾರು ಇಮೇಲ್, ಕರಾರುಪತ್ರ ಓದಿ, ಯಾವುದು ಕೇಸಿಗೆ ಬೇಕು, ಯಾವುದು ವಕೀಲರಿಗೂ ಕಕ್ಷಿದಾರರಿಗೂ ಮಾತ್ರ ಸೇರಿದ ಗುಟ್ಟಿನ ಕಾಗದ ಅಂತ ಗುರುತು ಹಾಕುವುದು ನಮ್ಮ ಕೆಲಸ. ಡಾಕ್ಯುಮೆಂಟ್ ರಿವ್ಯೂ ಅನ್ನುತ್ತಾರೆ. ಕೂತಲ್ಲೇ ಕೂತು ಓದುವ ಕೆಲಸ, ತಾಳ್ಮೆ ಬೇಕು. ಒಂದು ಗುಟ್ಟಿನ ಕಾಗದ ತಪ್ಪಿ ಎದುರು ಪಕ್ಷಕ್ಕೆ ಹೋದರೆ ದೊಡ್ಡ ರಾದ್ಧಾಂತ ಆಗುತ್ತದೆ.

ವಾಣಿ 2019ರಲ್ಲಿ ಸೇರಿದಳು. ಕಾಸರಗೋಡು ಜಿಲ್ಲೆಯ ಪೆರ್ಲದ ಆಚೆ, ಒಳಗಿನ ಒಂದು ಹಳ್ಳಿ. ಕನ್ನಡ ಮಾಧ್ಯಮದಲ್ಲಿ ಶಾಲೆ ಮುಗಿಸಿ, ಕರಾವಳಿಯಲ್ಲೇ ಕಾನೂನು ಓದಿದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಆಫೀಸಲ್ಲಿ ಇಂಗ್ಲಿಷ್. ನನ್ನ ತವರು ಕುಂಬಳೆ ಹತ್ತಿರ, ಹಾಗಾಗಿ ಆಫೀಸಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಹೆಸರು ಹಿಡಿದು ಕರೆದರೂ ಅವಳು ನನ್ನನ್ನು ಅಕ್ಕ ಅಂತಲೇ ಕರೆಯುತ್ತಿದ್ದಳು.

ಮೊದಲ ಕೆಲವು ತಿಂಗಳು ಅವಳಿಗೆ ತರಬೇತಿ, ಹಗಲಿನ ಪಾಳಿ. ಆಮೇಲೆ 2020ರ ಮಾರ್ಚ್ ಬಂತು. ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಹಾಕಿಕೊಂಡದ್ದು, ಅದನ್ನು ಇಲ್ಲಿಯವರು ಯಾರೂ ಮರೆತಿಲ್ಲ. ನಾವೆಲ್ಲ ಮನೆಯಿಂದಲೇ ಕೆಲಸ ಶುರು ಮಾಡಿದೆವು. ವಾಣಿಯ ಮನೆಯಲ್ಲಿ ಕರೆಂಟ್ ಹೋಗುತ್ತಿತ್ತು, ಮಳೆಗಾಲದಲ್ಲಿ ನೆಟ್ ಕೈಕೊಡುತ್ತಿತ್ತು. ಆದರೂ ಎರಡು ವರ್ಷ ಟೀಮಿನಲ್ಲಿ ಅತಿ ಕಡಿಮೆ ತಪ್ಪು ಅವಳದ್ದೇ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ನಡೆದದ್ದರಲ್ಲಿ ಎಲ್ಲರೂ, ನಾನೂ ಸೇರಿ, ಇದನ್ನೇ ಮರೆತೆವು.

ಸಮಸ್ಯೆ ಕಂಡದ್ದು ಹೇಗೆ

2022ರ ಮಧ್ಯದಲ್ಲಿ ಆದೇಶ ಬಂತು. ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು, ಪಾಳಿ ಮಧ್ಯಾಹ್ನ 1:30ರಿಂದ ರಾತ್ರಿ 10:30. ಲಂಡನ್ ನಮಗಿಂತ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಅವರ ಹಗಲಿಗೆ ನಮ್ಮ ಹೊತ್ತನ್ನು ಹೊಂದಿಸಿದ್ದು.

ವಾಣಿ ಮೊದಲ ತಿಂಗಳಲ್ಲೇ ನಾಲ್ಕು ದಿನ ಬರಲಿಲ್ಲ. ಬಂದ ದಿನ ಸಂಜೆ ಐದಕ್ಕೇ ಎದ್ದು ಹೋಗಲು ಕೇಳುತ್ತಿದ್ದಳು. ಕಾರಣ ಕೇಳಿದರೆ ಬಸ್ ಸಿಗುವುದಿಲ್ಲ ಅನ್ನುತ್ತಿದ್ದಳು. ಕಂಪನಿ ಕ್ಯಾಬ್ ಕೊಟ್ಟಿತ್ತು, ಆದರೆ ಅದು ಕರ್ನಾಟಕದ ಪರ್ಮಿಟ್‌ನ ಗಾಡಿ, ತಲಪಾಡಿವರೆಗೆ ಮಾತ್ರ. ಅಲ್ಲಿಂದ ಅವಳ ತಮ್ಮ ಬೈಕಿನಲ್ಲಿ ಬಂದು ಕರೆದೊಯ್ಯಬೇಕು. ಉಳಿದವರು ಹಾಗೇ ಮಾಡುತ್ತಿದ್ದಾರೆ, ಇವಳಿಗೆ ಮಾತ್ರ ಯಾಕೆ ಆಗಲ್ಲ ಅಂತ ಟೀಮಿನಲ್ಲಿ ಗೊಣಗಾಟ ಶುರುವಾಯಿತು. ಎಚ್‌ಆರ್ ಎಚ್ಚರಿಕೆಯ ಪತ್ರ ಸಿದ್ಧ ಮಾಡಿತು. ಅದಕ್ಕೆ ಸಹಿ ಹಾಕಿದ್ದು ನಾನು. ಒಂದು ಮಾತು ಕೇಳದೆ ಹಾಕಿದೆ. ಆ ಪತ್ರದ ವಿಷಯ ನೆನಪಾದರೆ ಇಂದಿಗೂ ಸಂಕಟವಾಗುತ್ತದೆ.

ಎರಡು ವಾರ ಬಿಟ್ಟು ಅವಳು ರಾಜೀನಾಮೆ ಕಳಿಸಿದಳು. ಎರಡೇ ಸಾಲು.

ನಾನು ಆ ಭಾನುವಾರ ತವರಿಗೆ ಹೋದವಳು ಅವಳ ಮನೆಗೂ ಹೋದೆ. ಟೀಮ್ ಲೀಡ್ ಆಗಿ ಅಲ್ಲ, ಸುಮ್ನೆ, ಮನಸ್ಸು ತಡೆಯಲಿಲ್ಲ. ಡಾಂಬರು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಅರ್ಧ ಕಿಲೋಮೀಟರ್ ಅಡಿಕೆ ತೋಟದೊಳಗೆ ನಡೆಯಬೇಕು, ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ಅದನ್ನು ದಾಟಲು ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಅಮ್ಮ ಬಾಳೆಹಣ್ಣು, ಅವಲಕ್ಕಿ ಕೊಟ್ಟರು. ಕೆಲಸದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಆರೂಮುಕ್ಕಾಲು, ತೋಟದಲ್ಲಿ ಆಗಲೇ ಮಬ್ಬು. ಬಿಟ್ಟುಬರುತ್ತೇನೆ ಅಂತ ಅಂಗಳದ ಕೊನೆಯವರೆಗೆ ಬಂದವಳು ಅಲ್ಲಿ ನಿಂತುಬಿಟ್ಟಳು. ತಮ್ಮ ಟಾರ್ಚ್ ಹಿಡಿದು ಓಡಿ ಬಂದ.

"ನೀನು ಬರುದಿಲ್ವಾ?" ಅಂದೆ.

"ನನಗೆ ಕತ್ತಲಾದ್ರೆ ಕಾಣುದಿಲ್ಲಕ್ಕ. ಸಂಕ ದಾಟ್ಲಿಕ್ಕೆ ಆಗುದಿಲ್ಲ."

ಅಷ್ಟೇ. ಮೂರು ವರ್ಷ ಜೊತೆಗೆ ಕೆಲಸ ಮಾಡಿ ನನಗೆ ಗೊತ್ತಿರಲಿಲ್ಲ. ವಾಪಸ್ ಹೋಗಿ ಜಗಲಿಯಲ್ಲಿ ಕೂತೆವು. ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಡಾಕ್ಟರ್ ಹೇಳಿದ್ದಾರಂತೆ. ವಂಶದಲ್ಲಿ ಬರುವ ಕಾಯಿಲೆ. ಸಾಮಾನ್ಯವಾಗಿ ಮೊದಲು ಇರುಳುಗಣ್ಣು, ಆಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಅಕ್ಕಪಕ್ಕದ ನೋಟ ಕಡಿಮೆಯಾಗುತ್ತಾ ಬರುತ್ತದೆ, ನಡುವಿನ ನೋಟ ಬಹಳ ಕಾಲ ಉಳಿಯುತ್ತದೆ. ನಮ್ಮಲ್ಲಿ ಗುಡ್ಡ ಕೊರೆದು ನೀರಿಗಾಗಿ ಸುರಂಗ ತೋಡುತ್ತಾರಲ್ವಾ, ಅದರೊಳಗೆ ಕೂತು ಹೊರಗಿನ ಬೆಳಕು ನೋಡಿದ ಹಾಗೆ, ಮುಂದೆ ನನಗೆ ಹಾಗಾಗುತ್ತದಂತೆ ಅಂದಳು. ಹಗಲಲ್ಲಿ ಸ್ಕ್ರೀನ್ ಮೇಲೆ ಓದಲು ಸದ್ಯ ಏನೂ ತೊಂದರೆ ಇಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಮದುವೆ ಮಾತು ನಡೆಯುತ್ತಿತ್ತು, ಅದೊಂದು. ಇನ್ನೊಂದು ಕಾರಣ ನನ್ನನ್ನು ಹೆಚ್ಚು ಕಾಡಿತು. "ಕಣ್ಣಿನ ತೊಂದರೆ ಅಂದ ಕೂಡಲೇ ಊರು ಯಾವುದು ಕೇಳ್ತಾರೆ. ಪೆರ್ಲ ಅಂದ್ರೆ ಓ ಎಂಡೋಸಲ್ಫಾನಾ ಅಂತಾರೆ. ಮತ್ತೆ ನಾನು ಎಂತ ಮಾಡಿದ್ರೂ ಅದೇ ಹೆಸರು." ಎಂಡೋಸಲ್ಫಾನ್ ಅಂದರೆ ನಮ್ಮ ಕಡೆಯ ಗೇರು ತೋಟಗಳ ಮೇಲೆ ಸಿಂಪಡಿಸಿದ ಕೀಟನಾಶಕ, ಅದರ ಕಥೆ ಮುಂದೆ ಹೇಳುತ್ತೇನೆ.

ಮಾಡಿ ನೋಡಿದ್ದು

ರಾಜೀನಾಮೆ ತಡೆಹಿಡಿಯಲು ಅವಳನ್ನು ಒಪ್ಪಿಸಿದೆ. ಆಮೇಲೆ ನಾವು ಮಾಡಿದ ಮೊದಲ ಎರಡು ಪ್ರಯತ್ನ ಎರಡೂ ತಪ್ಪು. ಎರಡರಲ್ಲೂ ಪಾಳಿಯನ್ನು ಹಾಗೇ ಬಿಟ್ಟು ಅವಳನ್ನೇ ಅದಕ್ಕೆ ಹೊಂದಿಸಲು ನೋಡಿದೆವು.

ಕೇರಳಕ್ಕೂ ಪರ್ಮಿಟ್ ಇರುವ ಗಾಡಿ ಹುಡುಕಿ ಮನೆವರೆಗೆ ಬಿಡುವುದು ಅಂತ ಮೊದಲು ಯೋಚನೆ. ಗಾಡಿ ಸಿಕ್ಕಿತು, ಆದರೆ ಅದು ಡಾಂಬರು ರಸ್ತೆವರೆಗೆ ತಾನೇ? ರಾತ್ರಿ ಹನ್ನೆರಡಕ್ಕೆ ತೋಟ, ತೋಡು, ಸಂಕ ಹಾಗೇ ಉಳಿಯಿತು. ಎರಡನೆಯದು, ಆಫೀಸಿನ ಹತ್ತಿರ ಪಿಜಿಯಲ್ಲಿ ಇರಿಸುವುದು. ಪೇಟೆ, ಬೀದಿದೀಪ ಇದೆ, ಹತ್ತು ನಿಮಿಷದ ನಡಿಗೆ, ಇನ್ನೇನು ಕಷ್ಟ ಅಂತ ನಾನೇ ಹೇಳಿದ್ದು. ದೀಪದಿಂದ ದೀಪಕ್ಕೆ ನಡುವೆ ಇರುವ ಕತ್ತಲು ಇರುಳುಗಣ್ಣಿನವರಿಗೆ ಪೂರ್ತಿ ಕತ್ತಲು, ಎದುರು ಬರುವ ಗಾಡಿಯ ಹೆಡ್‌ಲೈಟ್ ಬಿದ್ದರೆ ಇನ್ನೂ ಕಷ್ಟ ಅನ್ನುವುದು ಆಗ ತಲೆಗೆ ಹೋಗಿರಲಿಲ್ಲ. ಮೂರನೇ ವಾರ ಚರಂಡಿಯ ಮೇಲಿನ ಚಪ್ಪಡಿ ಇಲ್ಲದ ಜಾಗದಲ್ಲಿ ಕಾಲು ಹೋಗಿ ಮೊಣಕಾಲು ಊದಿತು. ಹತ್ತು ದಿನ ರಜೆ. ಅವಳು ಬೇಡ ಅಂದಿದ್ದಳು, ನಾನು ಒತ್ತಾಯ ಮಾಡಿದ್ದೆ.

ಆಮೇಲೆ ಅಧಿಕೃತವಾಗಿ ಅರ್ಜಿ ಹಾಕಿದೆವು. ಹಗಲಿನ ಪಾಳಿ ಬೇಕು, ಆಫೀಸಿನ ದಿನ ಕಡಿಮೆ ಮಾಡಬೇಕು, ಇಷ್ಟೇ ಕೇಳಿದ್ದು. ಎಚ್‌ಆರ್ ಪ್ರಮಾಣಪತ್ರ ಕೇಳಿತು. ಅವಳ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇತ್ತು. ಅಲ್ಲಿ ಅಳೆಯುವುದು ದೂರದ ಅಕ್ಷರ ಎಷ್ಟು ಕಾಣುತ್ತದೆ, ನೋಟದ ಅಗಲ ಎಷ್ಟು ಅನ್ನುವುದನ್ನು. ಸಂಜೆ ಏಳಕ್ಕೆ ಏನು ಕಾಣುತ್ತದೆ ಅಂತ ಯಾರೂ ಅಳೆಯುವುದಿಲ್ಲ. ಎಚ್‌ಆರ್ ಉತ್ತರ ಒಂದೇ ಸಾಲಿನದು: 40ಕ್ಕಿಂತ ಕಡಿಮೆ ಇದ್ದರೆ ನಮ್ಮ ನಿಯಮದಲ್ಲಿ ಬರುವುದಿಲ್ಲ.

ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ಕಾನೂನಿನ ಸಂಸ್ಥೆ, ಒಳಗೆ ನೂರಾರು ಜನ ಕಾನೂನು ಓದಿದವರು, ಒಬ್ಬರೂ ಕಾಯ್ದೆ ತೆರೆದು ನೋಡಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶೇಕಡಾ 40 ಅನ್ನುವ ಗೆರೆ ಇರುವುದು ಮುಖ್ಯವಾಗಿ ಸರಕಾರಿ ಹುದ್ದೆಯ ಮೀಸಲಾತಿಯಂಥ ಸೌಲಭ್ಯಗಳಿಗೆ. ಅಂಗವಿಕಲ ವ್ಯಕ್ತಿ ಅನ್ನುವ ವ್ಯಾಖ್ಯೆಯಲ್ಲಿ ಅಂಕಿಯೇ ಇಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ. ಬರೆಯಲು ಕೈ ಸಹಕರಿಸದ ಒಬ್ಬ ಅಭ್ಯರ್ಥಿ ಪರೀಕ್ಷೆಗೆ ಬರೆಯುವ ಸಹಾಯಕ ಬೇಕು ಅಂತ ಕೇಳಿದ್ದ, 40 ಇಲ್ಲ ಅಂತ ನಿರಾಕರಿಸಿದ್ದರು. 40 ಇರಲೇಬೇಕೆಂದಿಲ್ಲ, ಆ ವ್ಯಕ್ತಿಗೆ ಏನು ಬೇಕು ಅಂತ ಅವನನ್ನೇ ಕೇಳಿ ನೋಡಬೇಕು ಅಂತ ಕೋರ್ಟ್ ಹೇಳಿತು. ಆ ಪ್ರಕರಣ ಸರಕಾರಿ ಪರೀಕ್ಷೆಯದು, ಖಾಸಗಿ ಕಂಪನಿಯ ಮೇಲಿನ ಹೊಣೆ ಅಷ್ಟು ಬಿಗಿಯಾಗಿಲ್ಲ, ಅದು ನಿಜ. ಆದರೆ 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು, ಅದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಅಂತ 2017ರ ನಿಯಮ ಇದೆ. ನಮ್ಮಲ್ಲಿ ನೀತಿ ಇತ್ತು, ಅಧಿಕಾರಿಯೂ ಇದ್ದರು. ತಾವು ಆ ಅಧಿಕಾರಿ ಅಂತ ಅವರಿಗೇ ಮರೆತುಹೋಗಿತ್ತು.

ಇನ್ನೊಂದು ವಿಷಯ ವಾಣಿಯೇ ಹುಡುಕಿದ್ದು. ಲಂಡನ್ ಕಚೇರಿಯ ನೀತಿ ಅಲ್ಲಿನ 2010ರ ಸಮಾನತಾ ಕಾಯ್ದೆಯ ಮೇಲೆ ನಿಂತದ್ದು. ಅದರಲ್ಲಿ ಶೇಕಡಾ ಲೆಕ್ಕವೇ ಇಲ್ಲ. ದಿನನಿತ್ಯದ ಕೆಲಸಕ್ಕೆ ಗಣನೀಯ ಅಡ್ಡಿ ಇದೆಯಾ, ಅದು 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಕಾಲದ್ದಾ, ಅಷ್ಟೇ ನೋಡುವುದು. ಅದೇ ಸಂಸ್ಥೆ, ಅದೇ ಲೋಗೊ, ಲಂಡನ್‌ನಲ್ಲಿ ಕೂತಿದ್ದರೆ ಅವಳಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಲ್ಲಿನ ಫಾರ್ಮಿಗೆ 40ರ ಅಂಕಿ ಸೇರಿಸಿದ್ದು ಇಲ್ಲಿಯವರೇ. ಈ ಎರಡು ನೀತಿಗಳನ್ನು ಅಕ್ಕಪಕ್ಕ ಇಟ್ಟು ಅವಳು ಒಂದು ಪುಟ ಬರೆದಳು. ಅದು ಲಂಡನ್‌ಗೆ ಹೋಯಿತು. ಐದು ದಿನದಲ್ಲಿ ಉತ್ತರ ಬಂತು, ಮಾತಾಡೋಣ ಅಂತ.

ಕೆಟ್ಟ ಕಡೆಗೆ ತಿರುಗಿದ್ದು, ಆಮೇಲೆ ಸರಿಯಾದದ್ದು

ಆ ಐದು ದಿನದ ನಡುವೆ ಇನ್ನೊಂದು ನಡೆಯಿತು. ಸಂಸ್ಥೆಯ ವಾರ್ಷಿಕ ಸಾಮಾಜಿಕ ಹೊಣೆಗಾರಿಕೆಯ ವರದಿ ಸಿದ್ಧವಾಗುತ್ತಿತ್ತು. ಅದನ್ನು ಬರೆಯುವವರಿಗೆ ಎಚ್‌ಆರ್‌ನಲ್ಲಿ ಯಾರೋ ವಾಣಿಯ ವಿಷಯ ಹೇಳಿದ್ದಾರೆ. ಅವಳನ್ನು ಕೇಳದೆ. ಅವರಿಂದ ಅವಳಿಗೆ ಮೇಲ್ ಬಂತು, ನಿಮ್ಮ ಊರಿನ ಗೇರುಗುಡ್ಡದ ಮೇಲೆ ನಿಮ್ಮ ಒಂದು ಫೋಟೊ ಬೇಕು, ಎಂಡೋಸಲ್ಫಾನ್ ಊರಿನಿಂದ ಜಾಗತಿಕ ಸಂಸ್ಥೆಗೆ ಬಂದ ಕಥೆ ಬರೆಯುತ್ತೇವೆ ಅಂತ.

ಅವಳು ಯಾವುದಕ್ಕೆ ಹೆದರಿ ಮೂರು ವರ್ಷ ಬಾಯಿ ಬಿಟ್ಟಿರಲಿಲ್ಲವೋ, ಅದೇ ಬಂದು ಎದುರು ನಿಂತಿತ್ತು.

ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು, ಹೀಗೆ ಹಲವು ಪಂಚಾಯತುಗಳಲ್ಲಿ ಮಕ್ಕಳು, ಮನೆಗಳು ನರಳಿದವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಅಂತ ಕೇರಳ ಸರಕಾರಕ್ಕೆ ಹೇಳಿತು. ಐದು ವರ್ಷ ಬಿಟ್ಟು, 2022ರ ಮೇಯಲ್ಲಿ ನೋಡಿದರೆ 3,704 ಮಂದಿಯಲ್ಲಿ ಪೂರ್ತಿ ಹಣ ಸಿಕ್ಕಿದ್ದು 8 ಮಂದಿಗೆ ಅಂತ ಕೋರ್ಟೇ ಬರೆಯಿತು. ಇದು ನಮ್ಮ ಊರಿನ ನಿಜವಾದ ನೋವು. ವಾಣಿಯ ಕಣ್ಣು ಅದರಿಂದ ಹೋದದ್ದಲ್ಲ. ಅವಳ ಅಜ್ಜಿಯ ಅಣ್ಣನಿಗೆ, ಆ ಮದ್ದು ಬರುವ ಎಷ್ಟೋ ವರ್ಷ ಮೊದಲೇ, ಇದೇ ಇರುಳುಗಣ್ಣು ಇತ್ತು. ಒಬ್ಬರ ನೋವನ್ನು ಇನ್ನೊಬ್ಬರ ಫೋಟೊಕ್ಕೆ ಅಂಟಿಸಿದರೆ ಇಬ್ಬರಿಗೂ ಅನ್ಯಾಯ.

ಅವಳು ಮತ್ತೆ ರಾಜೀನಾಮೆ ಬರೆದಳು. ಈ ಸಲ ನಾನು ತಡೆಯಲಿಲ್ಲ. ಅವಳ ಮೇಲ್ ಜೊತೆ ನನ್ನದೂ ಒಂದು ಸೇರಿಸಿ ಮೇಲಿನವರಿಗೆ ಕಳಿಸಿದೆ: ಆರೋಗ್ಯದ ವಿಷಯ ಅವಳ ಒಪ್ಪಿಗೆ ಇಲ್ಲದೆ ಹೊರಗೆ ಹೋಗಿದೆ, ನಾನು ಮೊದಲು ಸಹಿ ಹಾಕಿದ ಎಚ್ಚರಿಕೆ ಪತ್ರವೂ ತಪ್ಪು, ಅದನ್ನು ವಾಪಸ್ ತೆಗೆಯಿರಿ. ನಿಜವಾಗಿ ಗಾಳಿ ತಿರುಗಿದ್ದು ಆಗ. ಲಂಡನ್‌ನ ಒಬ್ಬ ಪಾರ್ಟ್ನರ್ ನೇರವಾಗಿ ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಆಮೇಲೆ ಕೇಳಿದ ಪ್ರಶ್ನೆ ನಾನು ಮೊದಲ ದಿನವೇ ಕೇಳಬೇಕಿದ್ದದ್ದು: ನಿಮ್ಮ ಒಂದು ದಿನ ಹೇಗಿರುತ್ತದೆ, ಮನೆಯಿಂದ ಹೊರಟು ಮನೆ ಸೇರುವವರೆಗೆ ಹೇಳಿ.

ಅವಳು ಹೇಳಿದಳು. ಕೇಳುತ್ತಾ ಹೋದಾಗ ಗೊತ್ತಾದದ್ದು, ಬದಲಾಗಬೇಕಾದದ್ದು ಪಾಳಿ, ಮತ್ತು ಆ ಪಾಳಿಗೆ ಗಟ್ಟಿ ಕಾರಣವೇ ಇರಲಿಲ್ಲ. ಮೊದಲ ಸುತ್ತಿನ ರಿವ್ಯೂಗೆ ಲಂಡನ್‌ನವರು ಎದುರಿಗೆ ಇರಬೇಕಾಗಿಲ್ಲ. ದಿನಕ್ಕೆ ಒಂದು ಕಾಲ್ ಸಾಕು. ಅವಳು ಬೆಳಿಗ್ಗೆ 7ರಿಂದ ಸಂಜೆ 4ರವರೆಗೆ ಮನೆಯಿಂದ ಕೆಲಸ ಮಾಡಿದರೆ, ಲಂಡನ್‌ನವರು ಹಿಂದಿನ ಸಂಜೆ ಬಿಟ್ಟುಹೋದ ಕಡತದ ಬಹುಪಾಲು ಅವರು ಬೆಳಿಗ್ಗೆ ಬಂದು ಕೂರುವಾಗ ಮುಗಿದಿರುತ್ತದೆ. ಮೂರು ತಿಂಗಳು ನೋಡೋಣ ಅಂದರು. ಒಂದೂವರೆ ತಿಂಗಳಿಗೆ ಇನ್ನಿಬ್ಬರು, ಸಣ್ಣ ಮಕ್ಕಳ ತಾಯಂದಿರು, ಅದೇ ಪಾಳಿ ಕೇಳಿದರು. ಅವರಿಗೂ ಸಿಕ್ಕಿತು.

ಆಫೀಸಿಗೆ ವಾರಕ್ಕೆ ಒಂದು ದಿನ, ಹಗಲಲ್ಲಿ ಬಂದು ಹಗಲಲ್ಲೇ ವಾಪಸ್. ದೊಡ್ಡ ಮಾನಿಟರ್, ಮನೆಯಲ್ಲಿ ಒಳ್ಳೆಯ ದೀಪ. ಮೀಟಿಂಗ್ ರೂಮಿನಲ್ಲಿ ಸ್ಲೈಡ್ ತೋರಿಸುವಾಗ ಲೈಟ್ ಆರಿಸುವ ಅಭ್ಯಾಸ ಇತ್ತು, ಅದನ್ನು ಬಿಟ್ಟೆವು. ಮಾನಿಟರ್ ತರಿಸಲು ಮಾತ್ರ ಎರಡು ತಿಂಗಳು ಹಿಡಿಯಿತು, ಯಾವ ಲೆಕ್ಕದಲ್ಲಿ ಬರೆಯುವುದು ಅಂತ. ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಸ್ವಂತ ನೌಕರರ ಸೌಲಭ್ಯಕ್ಕೆ ಬಳಸುವಂತಿಲ್ಲ, ಅದು ನಿಯಮ, ಸರಿಯಾದ ನಿಯಮವೇ. ಆದರೆ ಹೊರಗಿನ ಒಳ್ಳೆಯ ಕೆಲಸಕ್ಕೆ ಕಡತ, ಸಮಿತಿ, ವರದಿ ಎಲ್ಲ ಇರುವ ಕಂಪನಿಯಲ್ಲಿ ಒಳಗಿನ ಒಂದು ಮಾನಿಟರಿಗೆ ಲೆಕ್ಕದ ತಲೆಬರಹವೇ ಇಲ್ಲ ಅಂದರೆ ಹೇಗೆ? ಈಗ ಒಂದು ಸಣ್ಣ ನಿಧಿ ಮಾಡಿದ್ದಾರೆ. ನಿಮ್ಮ ಕಂಪನಿಯಲ್ಲಿ ಇದೆಯಾ, ಇಂದೇ ಕೇಳಿ ನೋಡಿ.

ವರದಿಯ ವಿಷಯಕ್ಕೆ ಬಂದರೆ, ಫೋಟೊ ಹೋಯಿತು, ಅದರ ಜಾಗಕ್ಕೆ ಕೆಲಸ ಬಂತು, ಅದೂ ವಾಣಿಯಿಂದಲೇ. ನಮ್ಮವರು ವರ್ಷಕ್ಕೊಮ್ಮೆ ಎಂಡೋಸಲ್ಫಾನ್ ಕುಟುಂಬಗಳಿಗೆ ಕಿಟ್ ಹಂಚಿ ಬರುತ್ತಿದ್ದರು. ಅವಳು ಹೇಳಿದಳು, ಕಿಟ್‌ಗಿಂತ ಕಾಗದಪತ್ರದ ಸಹಾಯ ಜಾಸ್ತಿ ಬೇಕು. ಅವಳ ನೆರೆಕರೆಯಲ್ಲೇ ನೋಡಿದ್ದು: ಶಾಲೆಯ ಕನ್ನಡ ದಾಖಲೆಯಲ್ಲಿ ಒಂದು ಹೆಸರು, ಆಸ್ಪತ್ರೆಯ ಚೀಟಿಯಲ್ಲಿ ಮಲಯಾಳದ ಉಚ್ಚಾರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಮತ್ತೊಂದು. ಮೂರೂ ಒಬ್ಬರೇ ಅಂತ ತೋರಿಸಲು ಅಫಿಡವಿಟ್ ಬೇಕು, ಅದಕ್ಕೆ ಅಲೆದಾಟ. ನಾವು ಭಾರತದ ಕಾನೂನಿನ ಸಲಹೆ ಕೊಡುವಂತಿಲ್ಲ, ಅದನ್ನು ಸ್ಥಳೀಯ ವಕೀಲರೇ ಮಾಡಿದರು. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಅಂಗವಿಕಲರು ಉಚಿತ ನೆರವಿಗೆ ಅರ್ಹರು, ಹಾಗಾಗಿ ದಾರಿ ಇತ್ತು. ನಮ್ಮವರು ಮಾಡಿದ್ದು ಕಾಗದ ಜೋಡಿಸುವುದು, ಪಟ್ಟಿ ಮಾಡುವುದು, ತುಳುವಿನಲ್ಲಿ ಕೂತು ಮಾತಾಡುವುದು, ಕನ್ನಡದಲ್ಲಿ ಅರ್ಜಿ ಬರೆದುಕೊಡುವುದು. ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಅಂತ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಇದೆ, ಎಷ್ಟೋ ಮನೆಯವರಿಗೆ ಅದು ಹೊಸ ಸುದ್ದಿ. ಶನಿವಾರ, ಹಗಲು, ಶಾಲೆಯ ಜಗಲಿಯಲ್ಲಿ. ಯಾವುದೇ ಫೋಟೊ ಇಲ್ಲ ಅನ್ನುವುದು ಅವಳ ಷರತ್ತು.

ಎಲ್ಲವೂ ಸರಿಯಾಯಿತು ಅಂತ ಹೇಳಲಾರೆ. ವಿಷಯ ಹೊರಗೆ ಹಾಕಿದವರ ಮೇಲೆ ಕ್ರಮ ಏನಾಯಿತು ಅಂತ ನಮಗೆ ತಿಳಿಸಲಿಲ್ಲ. ಎಚ್ಚರಿಕೆ ಪತ್ರ ಕಡತದಿಂದ ತೆಗೆದರು, ಆದರೆ ಆ ವರ್ಷದ ಬಡ್ತಿ ಅವಳಿಗೆ ತಪ್ಪಿತು, ಒಂದು ವರ್ಷ ತಡವಾಗಿ ಬಂತು. 40ರ ಸಾಲನ್ನು ಫಾರ್ಮಿನಿಂದ ತೆಗೆದಿದ್ದಾರೆ. ಅವಳ ನೋಟ ಇನ್ನಷ್ಟು ಕಿರಿದಾಗಿದೆ. ಈಗಿನಿಂದಲೇ ಎನ್‌ವಿಡಿಎ ಕಲಿಯುತ್ತಿದ್ದಾಳೆ, ಪರದೆ ಓದಿ ಹೇಳುವ ಉಚಿತ ತಂತ್ರಾಂಶ ಅದು, ಯೂನಿಕೋಡ್ ಕನ್ನಡವನ್ನೂ ಓದುತ್ತದೆ. ಹಳೆಯ ನುಡಿ ಫಾಂಟಿನ ಕಡತ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಒದರುತ್ತದೆ. ಶನಿವಾರದ ಅರ್ಜಿಗಳನ್ನೆಲ್ಲ ಅವಳು ಈಗ ಯೂನಿಕೋಡಿನಲ್ಲೇ ಮಾಡಿಸುತ್ತಾಳೆ.

ನಾನು ಆ ಕೆಲಸ ಬಿಡುವಾಗ, ಮುಂದೆ ಬರುವ ಟೀಮ್ ಲೀಡ್‌ಗೆ ಅವಳು ಮತ್ತೆ ಮೊದಲಿನಿಂದ ಎಲ್ಲ ವಿವರಿಸಬೇಕಾಗಬಾರದು ಅಂತ ಒಂದು ಪುಟದ ಟಿಪ್ಪಣಿ ಬರೆದೆ. ಕಳಿಸುವ ಮೊದಲು ಅವಳಿಗೆ ಓದಿ ಹೇಳಿದೆ. "ವಾಣಿಗೆ ಕೊಟ್ಟಿರುವ ವಿನಾಯಿತಿಗಳು" ಅಂತ ಶುರು ಮಾಡಿದ್ದೆ.

"ಅಕ್ಕ, ವಿನಾಯಿತಿ ತೆಗೀರಿ," ಅಂದಳು.

"ಮತ್ತೆ ಎಂತ ಬರೆಯುದು?"

"ವಾಣಿಯ ಕೆಲಸದ ಸಮಯ ಅಂತ ಬರೆದ್ರೆ ಸಾಕು."

ಹಾಗೇ ತಿದ್ದಿ ಕಳಿಸಿದೆ.